ಗಿರಣಿಯವನ ಬ್ಲಾಗಿಗೆ ಒಬ್ಬ ಓದುಗ

ರೋಣದಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡವನಿಗೆ ಬ್ಲಾಗ್ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಸರಿಯಾದ ಉತ್ತರ ನನಗೂ ಗೊತ್ತಿಲ್ಲ. ಹಿಂದೊಮ್ಮೆ ಬರೆಯುತ್ತಿದ್ದೆ, ಬಿಟ್ಟೆ, ಈಗ ಮತ್ತೆ ಬರೆಯುತ್ತಿದ್ದೇನೆ. ಶುರು ಮಾಡಿದಂದಿನಿಂದ ವಾರಕ್ಕೊಂದಾದರೂ ಫಜೀತಿ ನಡೆದೇ ಇದೆ. ನಾನು ಬರೆದದ್ದು ಕಡಿಮೆ, ಬರೆದದ್ದರಿಂದ ಆದದ್ದು ಹೆಚ್ಚು.

೧. ಹಿಟ್ಟಿನ ಬೆರಳು

ನಮ್ಮ ಓಣಿಯ ಈಶ್ವರ ಗುಡಿಯಲ್ಲಿ ಪ್ರತಿ ಸೋಮವಾರ ಭಜನೆ. ಹಾರ್ಮೋನಿಯಂ ನುಡಿಸುವವನು ನನ್ನ ಶಾಲೆಯ ದಿನಗಳ ಗೆಳೆಯ. ಆ ವಾದ್ಯಕ್ಕೆ ನಾವು ಪೇಟಿ ಅನ್ನುತ್ತೇವೆ. ಭಜನೆಯವರಿಗೊಂದು ವಾಟ್ಸಾಪ್ ಗುಂಪಿದೆ, ಅದಕ್ಕೆ ನಾನೇ ಅಡ್ಮಿನ್.

ಎರಡು ವರ್ಷದ ಹಿಂದೆ ಗಿರಣಿಯ ಮುಂದೆ ನಿಂತುಕೊಂಡೇ ಗುಂಪಿನಲ್ಲಿ ಅವನ ಹೆಸರು ಹುಡುಕಿ ಫೋನ್ ಹಚ್ಚಲು ಹೋದೆ. ಬೆರಳಿಗೆಲ್ಲ ಜೋಳದ ಹಿಟ್ಟು. ಒತ್ತಿದ್ದು ಎಲ್ಲಿಗೋ ಬಿತ್ತು. ಅವನನ್ನು ಗುಂಪಿನಿಂದ ನಾನು ತೆಗೆದುಹಾಕಿದ್ದೇನೆಂದು ಎಲ್ಲರ ಫೋನಿನಲ್ಲೂ ಮೂಡಿತು. ಗಾಬರಿಯಾಗಿ ತಿರುಗಿ ಸೇರಿಸಿದೆ. ಈ ಸಲ ಅವನೇ ಹೊರಬಿದ್ದ.

ಅವನ ಮನೆಗೆ ಹೋದೆ. ನಾನು ಎದುರಿಗೇ ನಿಂತಿದ್ದರೂ ಅವನು ತನ್ನ ಹೆಂಡತಿಗೆ ಹೇಳಿದ: "ಊಟಕ್ಕ ಕುಂತವನ್ನ ಪಂಕ್ತಿಯಿಂದ ಎಬ್ಬಿಸಿ, ಮತ್ತ ಬಾ ಕುಂದ್ರು ಅಂದ್ರ ಯಾರು ಕುಂದರತಾರ? ಕೇಳು ಅವರನ್ನ."

"ಬೆರಳು ಜಾರಿತೋ ಮಾರಾಯಾ," ಎಂದೆ.

"ಜಾರೋ ಬೆರಳಿಗೆ ನಾನ ಸಿಗಬೇಕಾಗಿತ್ತೇನು, ಅದನ್ನೂ ಕೇಳು," ಎಂದು ಒಳಗೆ ಹೋದ.

ಅಂದಿನಿಂದ ಭಜನೆಗೆ ಪೇಟಿ ಇಲ್ಲ, ನನಗೆ ಗೆಳೆಯನಿಲ್ಲ. ಅವನು ಜೋಳದ ಚೀಲ ಬಸ್ಸಿಗೆ ಹಾಕಿಕೊಂಡು ನರಗುಂದಕ್ಕೆ ಹೋಗಿ ಬೀಸಿಸಿಕೊಂಡು ಬರತೊಡಗಿದ. ಒಮ್ಮೆ ಕಂಡಕ್ಟರ್ ಕೇಳಿದರಂತೆ, "ಯಜಮಾನ್ರ, ರೋಣದಾಗ ಗಿರಣಿ ಇಲ್ಲೇನ್ರಿ?"

"ಐತ್ರಿ. ಆದ್ರ ಅದು ಬೀಸೋದಿಲ್ಲ, ತೆಗದು ಹಾಕತೈತಿ."

೨. ಫೋಟೋದ ಹಿಂದಿನ ಮಂತ್ರ

ವಾಟ್ಸಾಪ್ ಎಂದರೆ ನನಗೆ ಬೇಸರ ಬಂತು. ಆಗ ಹಳೆಯ ಬ್ಲಾಗ್ ನೆನಪಾಯಿತು. ಹತ್ತು-ಹನ್ನೆರಡು ವರ್ಷದ ಹಿಂದೆ ನರೇಗಲ್ಲಿನ ಮಾಸ್ತರರೊಬ್ಬರು ತೆರೆದುಕೊಟ್ಟದ್ದು. ಅಲ್ಲಿ ನಿಧಾನವಾಗಿ ಬರೆಯಬಹುದು, ಬೆರಳು ಜಾರಿದರೂ ಯಾರೂ ಪಂಕ್ತಿಯಿಂದ ಏಳುವುದಿಲ್ಲ. ಆದರೆ ಪಾಸ್‌ವರ್ಡ್ ನೆನಪಿರಲಿಲ್ಲ. ಎರಡು ದಿನ ಹಳೆಯ ಪಂಚಾಂಗಗಳನ್ನೆಲ್ಲ ತಿರುವಿದೆ.

"ಏನು ಹುಡಕಾಕತ್ತೀರಿ?" ಎಂದಳು ಮನೆಯಾಕೆ.

"ಇಂಗ್ಲಿಷಿನ್ಯಾಗ ಒಂದು ಸಾಲು ಬರದಿಟ್ಟಿದ್ದೆ."

"ದೇವರ ಜಗಲಿ ಮ್ಯಾಲಿನ ಈಶ್ವರನ ಫೋಟೋದ ಹಿಂದ ಬರದಿದ್ದೋ?"

ಅದೇ. ಯಾರೂ ಮುಟ್ಟದ ಜಾಗವೆಂದು ಅಲ್ಲಿ ಬರೆದಿದ್ದೆ. ಅವಳು ಅದನ್ನು ಮಂತ್ರವೆಂದು ತಿಳಿದು ಸೋಮವಾರಕ್ಕೊಮ್ಮೆ ಫೋಟೋ ಒರೆಸುವಾಗ ಅದಕ್ಕೂ ವಿಭೂತಿ ಹಚ್ಚಿದ್ದಳು. ವಿಭೂತಿ ಊದಿ, ಅಕ್ಷರ ನೋಡಿ ಒತ್ತಿದೆ. ಮೊದಲ ಸಲಕ್ಕೇ ಬ್ಲಾಗ್ ತೆರೆಯಿತು. ನನಗೆ ಆಶ್ಚರ್ಯ, ಅವಳಿಗೆ ಇಲ್ಲ.

"ಇಷ್ಟು ವರ್ಷ ಊದಿನಕಡ್ಡಿ ಬೆಳಗೇನಿ. ತೆರೀಲಿಲ್ಲ ಅಂದ್ರ ಹ್ಯಾಂಗ?"

೩. ಒತ್ತುವುದು ಎಲ್ಲಿ

ಗಜೇಂದ್ರಗಡದಿಂದ ಸೀರೆ ಗಂಟು ತಂದು ಮಾರುವ ಸಾಹೇಬರೊಬ್ಬರಿದ್ದಾರೆ. ಬಿಸಿಲಿಳಿಯುವ ತನಕ ನಮ್ಮ ಗಿರಣಿಯ ಕಟ್ಟೆಯ ಮೇಲೆ ಕೂರುತ್ತಾರೆ. ನನ್ನ ಮೊದಲ ಬರಹವನ್ನು ಅವರಿಗೆ ತೋರಿಸಿದೆ. ಬೆರಳಿನಿಂದ ಕೆಳಗೆ, ಇನ್ನೂ ಕೆಳಗೆ ಸರಿಸಿದರು.

"ಅಣ್ಣಾರ, ಲೈಕ್ ಎಲ್ಲಿ ಒತ್ತಬೇಕ್ರಿ?"

"ಇದರಾಗ ಒತ್ತೋದಿಲ್ರಿ, ಓದೋದು."

"ಮತ್ತ ನಾ ಓದೇನಿ ಅನ್ನೋದು ನಿಮಗ ಹ್ಯಾಂಗ ತಿಳೀತೈತಿ?"

"ನೀವು ಅಂತ ತಿಳಿಯೋದಿಲ್ಲ. ಒಟ್ಟು ಎಷ್ಟು ಮಂದಿ ಅಂತಷ್ಟ ತಿಳೀತೈತಿ."

ಸಾಹೇಬರು ಫೋನನ್ನು ಎರಡೂ ಕೈಯಿಂದ ಮರ್ಯಾದೆಯಾಗಿ ಹಿಂದಿರುಗಿಸಿದರು. "ಭಾಳ ಚಲೋ ವ್ಯವಸ್ಥಾ ಐತ್ರಿ. ನಾ ದಿನಾ ಓದತೀನಿ."

೪. ಒಂದೇ ಒಂದು

ಸೋಮವಾರ ಭಜನೆ ಮುಗಿಸಿ ಬರಹ ಹಾಕುವುದು, ಮಂಗಳವಾರ ಪೂಜೆ ಮುಗಿಸಿ ಓದಿದವರ ಅಂಕಿ ನೋಡುವುದು ರೂಢಿಯಾಯಿತು. ನಾನೇ ನೋಡಿದ್ದು ಎಣಿಕೆಗೆ ಬರದಂತೆ ಮಾಸ್ತರರು ಮೊದಲೇ ಮಾಡಿಕೊಟ್ಟಿದ್ದರು. ಮೊದಲ ಮಂಗಳವಾರ ಅಂಕಿ ಒಂದು. ಎರಡನೆಯ ಮಂಗಳವಾರವೂ ಒಂದು. ತಿಂಗಳಾದರೂ ಒಂದೇ.

ಹತ್ತು ಜನ ಓದಿದ್ದರೆ ಯಾರೆಂದು ಕೇಳುತ್ತಿರಲಿಲ್ಲ. ಒಬ್ಬರೇ ಆದದ್ದರಿಂದ ಯಾರಿರಬಹುದೆಂಬ ಕುತೂಹಲ ಹತ್ತಿತು. ಸಾಹೇಬರ ಓದು ಎಂಥದೆಂದು ಗೊತ್ತಿತ್ತು, ಅವರನ್ನು ಕೇಳುವ ಅಗತ್ಯವಿರಲಿಲ್ಲ. ಭಜನೆಯಲ್ಲಿ ತಾಳ ಹಾಕುವ ಹಿರಿಯರನ್ನು ಕೇಳಿದೆ.

"ನನ್ನ ಚಾಳೀಸು ಒಡದು ಆರು ತಿಂಗಳಾತು," ಎಂದರು. "ನೀ ಬರದಿದ್ದು ಅಷ್ಟು ಚಲೋ ಇದ್ರ ಹೇಳು, ಹೊಸಾದು ತಗೋತೀನಿ."

ಹೇಳಲು ಧೈರ್ಯ ಬರಲಿಲ್ಲ.

ಆ ವಾರ ಹೊಳೆಆಲೂರಿನ ನೆನಪು ಬರೆದೆ. ಹಿಂದೊಮ್ಮೆ ನಾನೂ ಗೆಳೆಯನೂ ಅಲ್ಲಿಗೆ ಭಜನೆಗೆ ಹೋದಾಗ ಮಲಪ್ರಭೆ ಏರಿ ದಾರಿಯ ಮೇಲೆ ನೀರು ಬಂದಿತ್ತು. ಬರೆಯುವ ಭರದಲ್ಲಿ, ಪೇಟಿಯನ್ನು ತಲೆಯ ಮೇಲೆ ಹೊತ್ತು ಸ್ಟೇಷನ್ ಮುಟ್ಟಿಸಿದವನು ನಾನೇ ಎಂದುಬಿಟ್ಟೆ. ಮರುದಿನ ಕೆಳಗೆ ಹೆಸರಿಲ್ಲದ ಒಂದು ಉತ್ತರ ಬಂದಿತ್ತು:

"ಪೇಟಿ ಹೊತ್ತವರು ನೀವಲ್ಲ. ನೀವು ಚಪ್ಪಲಿ ಹಿಡಿದುಕೊಂಡು ಹಿಂದಿನಿಂದ ಬರುತ್ತಿದ್ದಿರಿ."

ಆ ದಾರಿಯಲ್ಲಿ ಆವತ್ತು ಇದ್ದವರು ಇಬ್ಬರೇ.

೫. ಸೋಮವಾರದ ಸುಳ್ಳು

ಎರಡು ವರ್ಷದಲ್ಲಿ ಅವನು ನನಗೆ ಆಡಿದ ಮೊದಲ ಮಾತು ಅದು. ಮುಂದಿನ ವಾರ ಒಂದಕ್ಷರ ತಪ್ಪಿಲ್ಲದೆ ನಿಜ ಬರೆದೆ. ಉತ್ತರವಿಲ್ಲ. ಅದರ ಮುಂದಿನ ವಾರ, ಲಕ್ಕಲಕಟ್ಟಿಯ ಭಜನೆಯಲ್ಲಿ ನಮಗೆ ಗೋಧಿ ಹುಗ್ಗಿ ಬಡಿಸಿದ್ದರೆಂದು ಬೇಕೆಂತಲೇ ತಪ್ಪು ಬರೆದೆ. ಬೆಳಕು ಹರಿಯುವುದರೊಳಗೆ ಉತ್ತರ:

"ಹುಗ್ಗಿ ಅಲ್ಲ, ಹೋಳಿಗೆ. ನೀವು ಏಳು ತಿಂದಿರಿ. ಎಂಟನೆಯದನ್ನು ಟವೆಲಿನಲ್ಲಿ ಕಟ್ಟಿಕೊಂಡಿರಿ."

ದಾರಿ ಸಿಕ್ಕಿತು. ಅಂದಿನಿಂದ ವಾರಕ್ಕೊಂದು ಸುಳ್ಳು. ದೇವರಿಗೆ ನಡೆದುಕೊಳ್ಳುವ ಮನುಷ್ಯ ನಾನು, ಮನಸ್ಸಿಗೆ ಕಸಿವಿಸಿ. ಹಾಕುವ ಮುಂಚೆ ಗುಡಿಯಲ್ಲಿ ಕೈಮುಗಿದು, "ಶಿವನ, ಇವತ್ತೂ ಒಂದೈತಿ," ಎಂದು ಒಪ್ಪಿಸಿ, ಆ ಹೊತ್ತಿನ ಊಟ ಬಿಡುತ್ತಿದ್ದೆ.

ಹೆಂಡತಿ ಎಂದಳು: "ಅಲ್ರೀ, ಮಂದಿ ಸುಳ್ಳು ಹೇಳಿ ಊಟ ಮಾಡತಾರ. ನೀವು ಅದಕ್ಕೂ ಉಪಾಸ ಮಾಡತೀರಿ."

೬. ಮೂಕ ಪಟ್ಟಿ

ಉತ್ತರ ಬರುತ್ತಿತ್ತು, ಮನುಷ್ಯ ಬರಲಿಲ್ಲ. ಚೀಲ ನರಗುಂದಕ್ಕೇ ಹೋಗುತ್ತಿತ್ತು. ಕಡೆಗೆ ಒಂದು ಸೋಮವಾರ ಗಟ್ಟಿ ಮನಸ್ಸು ಮಾಡಿ ಬರೆದೆ: "ನಮ್ಮ ಭಜನೆಯ ಪೇಟಿ ಚೆನ್ನಾಗಿತ್ತು. ಆದರೆ ನಡುವಿನ ಒಂದು ಬಿಳಿ ಪಟ್ಟಿ ಮೂಕಾಗಿತ್ತು, ಒತ್ತಿದರೆ ಸ್ವರ ಬರುತ್ತಿರಲಿಲ್ಲ."

ಮರುದಿನ ಉತ್ತರ ಬರಲಿಲ್ಲ. ಅವನೇ ಬಂದ. ಗಿರಣಿ ಹೊತ್ತಿಗೆ, ಬಿಸಿಲಲ್ಲಿ, ಫೋನ್ ಮೇಲೆತ್ತಿ ಹಿಡಿದುಕೊಂಡು. ನನ್ನನ್ನು ನೋಡದೆ ಕಟ್ಟೆಯ ಮೇಲಿದ್ದ ಸಾಹೇಬರ ಮುಂದೆ ನಿಂತ.

"ಸಾಹೇಬ್ರ, ಯಾವ ಪಟ್ಟಿ ಮೂಕಾಗಿತ್ತು, ಕೇಳ್ರಿ ಇವರನ್ನ."

ನಾನು ಗಿರಣಿ ನಿಲ್ಲಿಸಿದೆ. "ಪೇಟಿ ನೋಡಲಾರದ ಹ್ಯಾಂಗ ತೋರಸಲಿ ಅಂತ ಹೇಳ್ರಿ. ಸೋಮವಾರ ಗುಡಿಗೆ ತರಾಕ ಹೇಳ್ರಿ."

"ಒಂದು ಪಟ್ಟಿ ಮೂಕಾಗಿದ್ರ ನಾ ಪೇಟಿ ಬಿಡತೀನಿ. ಇಲ್ಲಂದ್ರ ಬರದಿದ್ದನ್ನ ಅವರು ಅಳಸಬೇಕು. ಹೇಳ್ರಿ."

"ಇಬ್ಬರೂ ಕೇಳಿಸಿಕೊಂಡೀರಿ," ಎಂದರು ಸಾಹೇಬರು. "ನಾ ಮತ್ತ ಹೇಳಬೇಕೇನ್ರಿ?"

ಸೋಮವಾರ ಗುಡಿ ತುಂಬಿತು. ಅವನು ಎರಡು ವರ್ಷದ ಧೂಳು ಒರೆಸಿ, ಪೇಟಿಯ ಮುಂದೆ ಕುಳಿತು, ಒಂದೊಂದೇ ಪಟ್ಟಿ ಒತ್ತುತ್ತ ಬಂದ. ಎಲ್ಲ ನುಡಿದವು. ನಡುವಿಗೆ ಬಂದು ಒಂದು ಬಿಳಿ ಪಟ್ಟಿ ಒತ್ತಿದ. ಸ್ವರವಿಲ್ಲ. ಮತ್ತೆ ಒತ್ತಿದ. ಇಲ್ಲ. ಮುಚ್ಚಳ ತೆಗೆದು ನೋಡಿದರೆ, ಎರಡು ವರ್ಷ ಮುಚ್ಚಿಟ್ಟ ಪೇಟಿಯೊಳಗೆ ಯಾವುದೋ ಹುಳ ಮಣ್ಣಿನ ಗೂಡು ಕಟ್ಟಿತ್ತು.

ನನ್ನ ಸುಳ್ಳನ್ನು ಈಶ್ವರ ಹೀಗೆ ನಿಜ ಮಾಡಿಕೊಟ್ಟಾನೆಂದು ನಾನೂ ಎಣಿಸಿರಲಿಲ್ಲ. ಅವನು ಪೇಟಿ ಬಿಟ್ಟರೆ ನನ್ನ ಗತಿ ಏನು? ಅವನು ತಲೆ ಎತ್ತಿ ನನ್ನ ಕಡೆಗೇ ತಿರುಗಿದ.

"ಬರದಿದ್ದು ಇರಲಿ, ಅಳಸಬ್ಯಾಡ. ಲಗೂನ ಭಜನಿ ಪದಾ ಎತ್ತು. ಆ ಪಟ್ಟಿ ಬಿಟ್ಟು ಬಾರಸತೀನಿ."

ಮರುದಿನವೇ ಜೋಳದ ಚೀಲ ನಮ್ಮ ಗಿರಣಿಗೆ ಬಂತು. ಅದರ ಹಿಂದೆ ಅವನೂ ಬಂದ, ದಿನಾ ಬರತೊಡಗಿದ. ಮುಂದಿನ ಸೋಮವಾರ ಈ ಸಂಗತಿಯನ್ನೆಲ್ಲ ಬ್ಲಾಗಿನಲ್ಲಿ ಬರೆದೆ. ಮಂಗಳವಾರ ಪೂಜೆ ಮುಗಿಸಿ ಅಂಕಿ ನೋಡಿದೆ. ಸೊನ್ನೆ.

ಅವನು ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ. "ಯಾಕೋ, ನಿನ್ನಿ ಬರದದ್ದು ಓದಲಿಲ್ಲೇನು?" ಎಂದೆ.

"ಮಾತು ಬಿಟ್ಟಾಗ ನೀ ಹ್ಯಾಂಗದೀ ಅಂತ ತಿಳಿಯಾಕ ಓದತಿದ್ದೆ. ಈಗ ದಿನಾ ಕಣ್ಣ ಮುಂದ ಅದೀ. ಮತ್ತ್ಯಾಕ ಓದಲಿ?"

ಚಹಾ ಮುಗಿಸಿ, ಕಪ್ಪು ಕೆಳಗಿಟ್ಟು, ನನಗೊಂದು ಉಪಾಯವನ್ನೂ ಹೇಳಿದ:

"ಓದೋರು ಬೇಕಂದ್ರ ಮತ್ತೊಬ್ಬರನ್ನ ತೆಗದು ಹಾಕು."