ಹುಡುಗಿಯರಿಗೆ ಓಟ ಕಲಿಸಿದ ಫಜೀತಿ

"ಇದೆಲ್ಲ ನಿನ್ ಕೈಲಿ ಆಗಲ್ಲ ಕಣಮ್ಮ. ಸೀರೆ ಉಟ್ಕೊಂಡು ಡ್ರಿಲ್ ಹೇಳಿಕೊಡ್ತಾಳಂತೆ" ಎಂದು ಮೊದಲು ನಕ್ಕವರು ನಮ್ಮ ಭಾವನವರು. ಅವರ ತಮ್ಮ, ಅಂದರೆ ನನ್ನ ಯಜಮಾನರು, ಕೋಲಾರದ ಗಣಿಗೆಂದು ಹೋದವರು ತಿರುಗಿ ಬರಲಿಲ್ಲ. ನಾನು ಮಧುಗಿರಿಯ ಹುಡುಗಿಯರ ಸ್ಕೂಲಿನಲ್ಲಿ ಆಯಾ ಆಗಿದ್ದೆ. ಓದು ನಾನೇ ಕಲಿತದ್ದು, ಸಾಮಾನು ಕಟ್ಟಿ ತಂದ ಕಾಗದಗಳನ್ನು ಬಿಡಿಸಿ ಬಿಡಿಸಿ. ತುಮಕೂರಿನಿಂದ ಡ್ರಿಲ್ ಕಲಿಸುವ ಹೆಂಗಸು ಯಾರೂ ಬರಲೊಪ್ಪದಾಗ ಹೆಡ್‌ಮಿಸ್ಟ್ರೆಸ್ ನನ್ನ ಕೈಗೇ ಸೀಟಿ ಕೊಟ್ಟರು. "ಈ ವರ್ಷ ಶಿರಾದ ಪಂದ್ಯದಲ್ಲಿ ನಮ್ಮವಳು ಒಬ್ಬಳಾದರೂ ಗೆಲ್ಲಬೇಕು. ಇಲ್ಲದಿದ್ದರೆ ನೀನು ಮತ್ತೆ ಪೊರಕೆ ಹಿಡಿಯಬೇಕಾಗುತ್ತೆ" ಎಂದರು. ಪೊರಕೆ ಹಿಡಿಯಲು ನನಗೇನೂ ನಾಚಿಕೆಯಿರಲಿಲ್ಲ. ಆದರೆ ಭಾವನವರ ಮಾತು ನಿಜವಾಗಲು ನಾನು ಬಿಡುವವಳಲ್ಲ.

ಅಂದಿನಿಂದ ಒಂದಲ್ಲ ಒಂದು ನಡೆಯುತ್ತಲೇ ಬಂತು.

ಕೊಡೆ

ಚೆನ್ನಾಗಿ ಓಡುತ್ತಿದ್ದವಳು ಪೇಟೆಯ ಕಡಲೆಕಾಯಿ ವ್ಯಾಪಾರಿಯ ಮಗಳು. ಅವಳಪ್ಪ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಸ್ಕೂಲಿಗೇ ಬಂದರು.

"ಹೋಗೋರು ಬರೋರೆಲ್ಲ ನೋಡ್ತಾರೆ ತಾಯಿ. ನಾಳೆ ಗಂಡಿನ ಕಡೆಯವರ ಕಿವಿಗೆ ಬಿದ್ರೆ?"

"ಅವಳು ಓಡಲೇಬೇಕು ಸ್ವಾಮಿ. ಯಾರೂ ನೋಡದ ಹಾಗೆ ಮಾಡೋ ದಾರಿ ನೀವೇ ಹೇಳಿ."

ಅವರು ಯೋಚನೆ ಮಾಡಿ ಮರುದಿನ ದೊಡ್ಡ ಕರಿ ಕೊಡೆ ತಂದರು. ಮಗಳು ಓಡತೊಡಗಿದಳು. ಬೀದಿಯ ಕಡೆಗೆ ಕೊಡೆ ಅಡ್ಡ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಪಂಚೆ ಎತ್ತಿಕೊಂಡು ಅಪ್ಪನೂ ಪಕ್ಕದಲ್ಲೇ ಓಡಿದರು. ಅಲ್ಲಿಯವರೆಗೆ ಆ ಬೀದಿಯಲ್ಲಿ ನಮ್ಮನ್ನು ಕೇಳುವವರೇ ಇರಲಿಲ್ಲ. ಅವತ್ತು ಬೇಲಿಯುದ್ದಕ್ಕೂ ಜನ.

ಅರ್ಧ ದಾರಿಯಲ್ಲೇ ಅವರು ಏದುಸಿರು ಬಿಡುತ್ತ ಕೂತುಬಿಟ್ಟರು. ಜನರ ಕಡೆ ನೋಡಿ ಕೊಡೆಯನ್ನು ಮೆಲ್ಲಗೆ ತಮ್ಮ ಮುಖಕ್ಕೆ ಅಡ್ಡ ಮಾಡಿಕೊಂಡರು. "ನಾಳೆಯಿಂದ ಅವಳೊಬ್ಬಳೇ ಓಡ್ಲಿ ತಾಯಿ. ಅವಳಿಗೇನೂ ಆಗಿಲ್ಲ, ನನ್ನ ಮಾನ ಹೋಯ್ತು."

ಬಿಂದಿಗೆ

ಮಿಡಿಗೇಶಿ ಕಡೆಯ ಒಕ್ಕಲಿಗರ ಹುಡುಗಿಯೊಬ್ಬಳು ಸೋದರತ್ತೆ ಮನೆಯಲ್ಲಿದ್ದು ಓದುತ್ತಿದ್ದಳು. ಓಟದಲ್ಲಿ ಬಿರುಗಾಳಿ. ಆದರೆ ಎಡಗೈ ಸೊಂಟದ ಹತ್ತಿರ ಮಡಚಿದ್ದು ಮಡಚಿದಂತೆಯೇ ಇರುತ್ತಿತ್ತು.

"ಕೈ ಬೀಸೇ" ಎಂದೆ.

"ಬೀಸಿದ್ರೆ ಬಿಂದ್ಗೆ ಬಿದ್ದೋಯ್ತದೆ ಅಮ್ಮಾರೆ."

"ಬಿಂದಿಗೆ ಎಲ್ಲಿದೆಯೇ?"

ಅವಳು ಸೊಂಟ ನೋಡಿಕೊಂಡಳು. "ಇಲ್ಲ. ಆದ್ರೂ ಕೈ ಅಂಗೇ ನಿಂತ್ಕತದೆ."

ದೂರದ ಬಾವಿಯಿಂದ ನೀರು ಹೊತ್ತು ಹೊತ್ತು ಬೆಳೆದ ಕೈ. ಬಲವಂತವಾಗಿ ಎರಡೂ ಕೈ ಬೀಸಿಸಿದರೆ ಒಂದು ಚಕ್ರ ಕಳಚಿದ ಗಾಡಿಯಂತೆ ಪಕ್ಕಕ್ಕೆ ಎಳೆಯುತ್ತಿದ್ದಳು. ರೋಸಿಹೋಗಿ, ಕುಡಿಯುವ ನೀರಿನ ಬಿಂದಿಗೆಯನ್ನೇ ತುಂಬಿಸಿ ಅವಳ ಸೊಂಟಕ್ಕೆ ಇಟ್ಟೆ. ಎಲ್ಲರಿಗಿಂತ ಮುಂಚೆ ಬಂದು ನಿಂತಳು, ನೀರು ತುಳುಕಿರಲಿಲ್ಲ.

ಮರುದಿನ ನೋಡುತ್ತೇನೆ, ಉಳಿದ ಹುಡುಗಿಯರೆಲ್ಲ ಮನೆಯಿಂದ ಒಂದೊಂದು ಬಿಂದಿಗೆ ತಂದು ಗೆರೆಯ ಮೇಲೆ ಸಾಲಾಗಿ ನಿಂತಿದ್ದಾರೆ.

ದಾರ

ಶಿರಾದ ಪಂದ್ಯಕ್ಕೆ ಕೊರಟಗೆರೆ, ಪಾವಗಡದ ಹುಡುಗಿಯರೂ ಬಂದಿದ್ದರು. ವ್ಯಾಪಾರಿಯ ಮಗಳು ಎಡವಿದಳು. ಬಿಂದಿಗೆಯವಳು ನಾಲ್ಕನೆಯವಳಾಗಿ ಬಂದಳು. ಉಳಿದದ್ದು ಕೊನೆಯ ಓಟ, ಅದರಲ್ಲಿ ನಮ್ಮ ನೇಕಾರರ ಹುಡುಗಿ. ನನ್ನ ಕಣ್ಣ ಮುಂದೆ ಪೊರಕೆ ಕುಣಿಯುತ್ತಿತ್ತು.

ನಮ್ಮಲ್ಲಿ ಸುಣ್ಣದ ಗೆರೆ ದಾಟಿದರೆ ಓಟ ಮುಗಿಯಿತು. ಅಲ್ಲಿ ಇಬ್ಬರು ದಾರ ಹಿಡಿದು ನಿಂತಿದ್ದರು. ನಮ್ಮವಳು ಎಲ್ಲರನ್ನೂ ಬಹಳ ಹಿಂದೆ ಹಾಕಿ ಬಂದಳು. ಎದೆಗೆ ತಾಗಿ ದಾರ ಪಟ್ಟೆಂದು ಹರಿಯಿತು. ಮಗ್ಗದ ಮನೆಯಲ್ಲಿ ಎಳೆ ಹರಿದರೆ ಮರುಕ್ಷಣ ಗಂಟು ಬೀಳಬೇಕು. ಅವಳು ಗಕ್ಕನೆ ನಿಂತು ಎರಡೂ ತುದಿ ಹಿಡಿದು ಗಂಟು ಹಾಕಿಬಿಟ್ಟಳು. ಹಿಂದಿನಿಂದ ಬಂದ ಪಾವಗಡದ ಹುಡುಗಿ ಅದನ್ನು ಮತ್ತೆ ಹರಿದಳು.

"ಏ, ನೋಡ್ಕೊಂಡು ಬರಬಾರ್ದೇನೆ? ಈಗ್ ತಾನೇ ಹಾಕಿದ್ದೆ" ಎಂದು ಬೈದು ನಮ್ಮವಳು ಇನ್ನೊಂದು ಗಂಟು ಹಾಕಿದಳು.

ತೀರ್ಪುಗಾರರು ಶಿರಾದ ಮೇಷ್ಟ್ರು, ಸಾಹೇಬರು. ಅವರ ಕಣ್ಣು ಅಷ್ಟು ಹೊತ್ತೂ ಗಡಿಯಾರದ ಮೇಲಿತ್ತು. ತಲೆಯೆತ್ತಿದಾಗ ಕಂಡದ್ದು ಪಾವಗಡದವಳು ದಾರ ಹರಿದದ್ದು ಮಾತ್ರ.

"ನೇನೇ ಫಸ್ಟು" ಎಂದು ಆ ಹುಡುಗಿ ತೆಲುಗಿನಲ್ಲಿ ತಾನೇ ಮೊದಲೆಂದಳು.

"ಇಬ್ರೂ ಹರಿದ್ರು ಸಾರ್" ಎಂದರು ದಾರ ಹಿಡಿದವರು.

"ಅರೆ, ಒಂದೇ ದಾರ ಇಬ್ರು ಹೆಂಗೆ ಹರೀತಾರೆ?"

ನಾನು ಜನರನ್ನು ನೂಕಿಕೊಂಡು ಮುಂದೆ ಹೋದೆ. "ಸಾಹೇಬ್ರೇ, ದಾರ ಹರಿದವರನ್ನು ಬಿಡಿ. ಆ ಗಂಟು ನೋಡಿ. ಮೊದಲು ಹರಿದೋಳು ಇವಳು. ಇವಳು ಗಂಟು ಹಾಕದೆ ಇದ್ದಿದ್ರೆ ಆ ಹುಡುಗಿಗೆ ಹರಿಯೋಕೆ ದಾರ ಎಲ್ಲಿರ್ತಿತ್ತು?"

ಸಾಹೇಬರು ಗಂಟನ್ನು ಎಳೆದು ನೋಡಿದರು. ಬಿಚ್ಚಲಿಲ್ಲ. ಗಡ್ಡ ನೀವಿಕೊಂಡು ನಮ್ಮವಳನ್ನೇ ಮೊದಲನೆಯವಳೆಂದು ಕೂಗಿದರು. ಆಮೇಲೆ ಅವಳನ್ನು ಹತ್ತಿರ ಕರೆದು, "ಗೆದ್ಮೇಲೆ ಗಂಟು ಯಾಕಮ್ಮ ಹಾಕ್ದೆ?" ಎಂದು ಕೇಳಿದರು.

"ಹರಿದಿದ್ದು ನಾನೇ ಅಲ್ವಾ ಸಾರ್. ಅಂಗೇ ಬುಟ್ಟು ಹೋದ್ರೆ ನಮ್ಮಪ್ಪ ಹೊಡೀತಾನೆ."

ಸೀಟಿ ನನ್ನ ಕೈಯಲ್ಲೇ ಉಳಿಯಿತು. ಆಮೇಲೆ ಎಷ್ಟೋ ವರ್ಷ ಹುಡುಗಿಯರನ್ನು ಓಡಿಸಿದೆ. ಈಗ ಬೆಟ್ಟದ ಬುಡದಲ್ಲಿ ನನ್ನ ಹೆಸರಿಗೆ ಹೆಂಚಿನ ಮನೆಯಿದೆ, ಗೋಡೆ ತುಂಬ ಪುಸ್ತಕಗಳಿವೆ. ಇದಕ್ಕೆ ತೆತ್ತದ್ದು ಬಲಗಾಲಿನ ಮಂಡಿ ಮತ್ತು ತವರುಮನೆ. ಊರೆದುರು ಹುಡುಗಿಯರನ್ನು ಓಡಿಸುವವಳು ಎಂದು ಅಣ್ಣಂದಿರು ಬಾಗಿನ ಕಳಿಸುವುದನ್ನೇ ಬಿಟ್ಟರು. ಮಂಡಿ ಮೋಡ ಕಟ್ಟಿದಾಗ ನೋಯುತ್ತದೆ, ತವರು ಗೌರಿಹಬ್ಬ ಬಂದಾಗ.