ಖಾಜಾಭಾಯಿಯ ಮೂರು ವರ್ಷದ ಕರಾರು

ಒಬ್ಬ ಮನುಷ್ಯ ತಾನಾಗಿಯೇ ಸಾಕು ಅಂದರೆ ನಂಬಬೇಕು. ಅದರಲ್ಲೂ ಚೆನ್ನಾಗಿ ಆಡುತ್ತಿರುವಾಗಲೇ ಅಂದರೆ ಕೈಮುಗಿದು ನಂಬಬೇಕು. ನಾನು ನಂಬಲಿಲ್ಲ. ಆ ತಪ್ಪನ್ನು ಛಾಪಾ ಕಾಗದದ ಮೇಲೆ ಬರೆದು ಇಬ್ಬರು ಸಾಕ್ಷಿಗಳ ಸಹಿಯನ್ನೂ ಹಾಕಿಸಿದೆ.

ಬೀದರಿನಲ್ಲಿ ದಸ್ತಾವೇಜು ಬರೆದು ಹೊಟ್ಟೆ ಹೊರೆಯುವವನು ನಾನು; ಜೊತೆಗೆ ನಮ್ಮ ಓಣಿಯ ಕ್ರಿಕೆಟ್ ತಂಡದ ಕಾರ್ಯದರ್ಶಿ. ಔರಾದಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದರೂ ನಮ್ಮ ಪರವಾಗಿಯೇ ಆಡುವ ಖಾಜಾಭಾಯಿ ನಮ್ಮ ತಂಡದ ಜೀವ. ಅವರು ಎತ್ತಿ ಹೊಡೆದ ಚೆಂಡೊಂದು ರಸ್ತೆಯ ಬಸ್ಸಿನ ಮೇಲೆ ಬಿದ್ದು ದೂರದ ಸಂತಪುರ ಮುಟ್ಟಿತೆಂದು ಜನ ಇಂದಿಗೂ ಹೇಳುತ್ತಾರೆ. ಸಂತಪುರದಲ್ಲಿ ಅದನ್ನು ಕಂಡವರು ಯಾರೂ ಇಲ್ಲ, ಆದರೂ ನಾನೂ ಹೇಳುತ್ತೇನೆ. ಎರಡು ವರ್ಷದ ಹಿಂದೆ ಭಾಲ್ಕಿಯಲ್ಲಿ ಅವರು ಫೈನಲ್ ಗೆಲ್ಲಿಸಿದಾಗ ಜನ ಹೆಗಲ ಮೇಲೆ ಹೊತ್ತು ಕುಣಿದರು. ಕೆಳಗಿಳಿದವರೇ ಮೊಣಕಾಲು ಒತ್ತಿಕೊಳ್ಳುತ್ತ, ನಲವತ್ತಾಯಿತು, ಇನ್ನು ಸಾಕು ಅಂದರು. ನಾನು ಪಿಚ್ಚಿಗೆ ಹಾಸುವ ಹೊಸ ಮ್ಯಾಟಿಗೆಂದು ಕೂಡಿಸಿಟ್ಟಿದ್ದ ಹಣವನ್ನೆಲ್ಲ ಅವರ ಮುಂದೆ ಸುರಿದು, ಬೇಡ ಬೇಡ ಅಂದರೂ ಬಿಡದೆ, ಮೂರು ವರ್ಷದ ಕರಾರು ಬರೆದೆ. ಅದರ ಷರತ್ತು: ಸದರಿಯವರನ್ನು ಪ್ರತಿ ಪಂದ್ಯದಲ್ಲೂ ಮೂರನೇ ಕ್ರಮಾಂಕದಲ್ಲೇ ಆಡಿಸತಕ್ಕದ್ದು, ಈ ಬಗ್ಗೆ ಯಾರೂ ತಕರಾರು ತೆಗೆಯತಕ್ಕದ್ದಲ್ಲ. ನಾನು ಬರೆದ ಕಾಗದದಲ್ಲಿ ಸಂದು ಇರುವುದಿಲ್ಲ ಎಂಬ ಜಂಬ ನನಗೆ. ಈ ಸಲ ನಾನೇ ಹೊರಬರಲು ಸಂದಿರಲಿಲ್ಲ.

ಮೊದಲ ವರ್ಷ ಹೇಗೋ ಸಾಗಿತು. ಎರಡನೇ ವರ್ಷಕ್ಕೆ, ಅವರ ಮೊಣಕಾಲು ಕರಾರಿಗೆ ಸಹಿ ಹಾಕಿಲ್ಲವೆಂಬುದು ಗೊತ್ತಾಯಿತು. ಮೊನ್ನೆ ನಮ್ಮ ಮೈದಾನದಲ್ಲಿ ಭಾಲ್ಕಿಯವರೊಡನೆ ಆಡುವಾಗ, ಎರಡನೇ ರನ್ನಿಗೆ ಓಡುತ್ತ, ನಾನು ಬದಲಿಸದೆ ಬಿಟ್ಟ ಆ ಹಳೇ ಮ್ಯಾಟಿನ ಹರಿದ ಅಂಚಿಗೆ ಬೂಟು ಸಿಕ್ಕಿ ಬಿದ್ದರು. ರನ್ ಔಟ್. ಸೋತೆವು. ನೋಡುವವರು ನಕ್ಕರು. ನಾನು ಅದಕ್ಕಿಂತ ಕೆಟ್ಟದ್ದು ಮಾಡಿದೆ: ದುಡ್ಡು ತೆಗೆದುಕೊಂಡವರು ಓಡಲಿಕ್ಕಾದರೂ ಕಲಿಯಬೇಕು ಎಂದು ಎಲ್ಲರೆದುರು ಕೂಗಾಡಿದೆ.

ಮರುದಿನ ಖಾಜಾಭಾಯಿ ಔರಾದಿನಿಂದ ಬಸ್ಸು ಹತ್ತಿ ಬಂದು ನನ್ನ ಮೇಜಿನ ಮುಂದೆ ಕುಳಿತರು. ಕರಾರನ್ನು ಬಿಚ್ಚಿಟ್ಟು, ಮೂರನೇ ವರ್ಷದ ಪಾಲಿನ ಹಣವನ್ನು ಅದರ ಮೇಲಿಟ್ಟರು.

"ಇದನ್ನ ರದ್ದ ಮಾಡಿ ಒಂದು ಕಾಗದ ಬರೀರಿ ಸಾಹೇಬ್ರ. ಈ ರೊಕ್ಕದಾಗ ಮ್ಯಾಟ್ ತರ್ರಿ," ಅಂದರು. ಆಮೇಲೆ ಮೊಣಕಾಲು ನೀವಿಕೊಳ್ಳುತ್ತ ಮುಂದುವರಿಸಿದರು: "ಅವತ್ತ ಹೆಗಲ ಮ್ಯಾಲಿಂದ ಇಳದಾಗ ಬಿಟ್ಟಿದ್ರ ಛಲೋ ಇತ್ತರಿ. ನಿನ್ನಿ ನನ್ನ ಮಗಳು ಮ್ಯಾಚ್ ನೋಡ್ಲಿಕ್ಕ ಬಂದಿದ್ಲು. ಮೊದಲನೇ ಸಲ."

ಮಾಫಿ ಕೇಳಬೇಕೆಂದುಕೊಂಡೆ; ಆದರೆ ಇಷ್ಟು ವರ್ಷ ಬರೆದರೂ ನನಗೆ ಬರುವುದು ಸದರಿ ಮತ್ತು ತಕ್ಕದ್ದು, ಅಷ್ಟೇ. ತಲೆ ತಗ್ಗಿಸಿ ರದ್ದತಿ ಪತ್ರ ಬರೆದೆ. ಕೊನೆಗೆ, ಸಹಿ ಹಾಕುವವರ ಹುದ್ದೆಯ ಅವಧಿ ನಮೂದಿಸುವುದು ನನ್ನ ರೂಢಿಯಾದ್ದರಿಂದ, ನನ್ನ ಹೆಸರಿನ ಕೆಳಗೆ ಕಾರ್ಯದರ್ಶಿಯ ಅವಧಿ ಎಂದು ಬರೆದು, ಅದರ ಮುಂದೆ ಎಷ್ಟು ವರ್ಷ ಎಂದು ತುಂಬಲು ಹೋದಾಗ ಕೈ ನಿಂತಿತು. ಹನ್ನೆರಡು ವರ್ಷದಿಂದ ಆ ಕುರ್ಚಿಯಲ್ಲಿ ನಾನೇ ಇದ್ದೇನೆ. ಅವಧಿಯನ್ನು ಯಾರೂ ಬರೆದಿಲ್ಲ, ನಾನಾಗಿ ಸಾಕು ಅಂದದ್ದೂ ಇಲ್ಲ. ಕಾಗದದಲ್ಲಿ ಸಂದು ಬಿಡದ ನಾನು, ಸಾಕು ಎನ್ನಲು ಇನ್ನೂ ಮನಸ್ಸು ಬಾರದೆ, ಆ ಜಾಗವೊಂದನ್ನು ಖಾಲಿ ಬಿಟ್ಟು ಸಹಿ ಹಾಕಿದೆ.