ಮಜ್ಜಿಗೆ ಬಾರದ ಊಟ

ನನ್ನ ಭಾವ, ಅಂದರೆ ಅಕ್ಕನ ಗಂಡ, ನನ್ನ ಷರ್ಟು ತೊಟ್ಟು ನನ್ನ ಬದಲಿಗೆ ನನ್ನ ಉದ್ಯೋಗದ ಸಂದರ್ಶನಕ್ಕೆ ಹೋಗಿಬಂದ ಮಹಾನುಭಾವರು. ಧೈರ್ಯವಾಗಿ ಹೀಗೆ ಬರೆದುಬಿಟ್ಟೆನಾದರೂ ಇದರಲ್ಲಿ ನಡೆದದ್ದೆಷ್ಟು, ಸಿಟ್ಟಿನಲ್ಲಿ ನಾನು ಸೇರಿಸಿದ್ದೆಷ್ಟು ಎಂದು ಆಣೆ ಮಾಡಿ ಹೇಳಲಾರೆ. ಎಪ್ಪತ್ತರ ದಶಕದ ಕೊನೆಯೋ, ಎಂಬತ್ತರ ಆರಂಭವೋ, ಅದೂ ಮಸುಕು. ಷರ್ಟು ಬಿಳಿಯದು ಎಂಬುದು ಖಚಿತ. ಸಿಟ್ಟು ಅದಕ್ಕಿಂತ ಖಚಿತ! ಮೈಸೂರಿನಲ್ಲಿ ತತ್ತ್ವಶಾಸ್ತ್ರ ಓದಿ, ನೆನಪನ್ನು ಜ್ಞಾನವೆಂದು ಒಪ್ಪಬಹುದೇ ಎಂದು ಪ್ರಬಂಧ ಬರೆದು, ಒಪ್ಪಬಾರದು ಎಂದು ತೀರ್ಮಾನಿಸಿದವನು ನಾನು. ಆ ತೀರ್ಮಾನ ಈಗ ನನ್ನನ್ನೇ ಕಚ್ಚುತ್ತಿದೆ.

ಭಾವನದು ಬಂಟ್ವಾಳ ಪೇಟೆಯಲ್ಲಿ ಬೆಲ್ಲದ ಅಂಗಡಿ, ಅದರ ಮೇಲೆ ಉದ್ದನೆಯ ಮಹಡಿ. ಪರದೇಶದ ಯಾವುದೋ ಹಳೆಯ ಕೋಟೆಯಲ್ಲಿ ಚಿತ್ರಕಾರರು, ವಿಜ್ಞಾನಿಗಳು, ಸಂಗೀತಗಾರರು ತಿಂಗಳುಗಟ್ಟಲೆ ಒಟ್ಟಿಗೆ ಉಂಡು, ಒಟ್ಟಿಗೆ ಯೋಚಿಸಿ, ಒಟ್ಟಿಗೆ ಏನನ್ನೋ ಸೃಷ್ಟಿಸುತ್ತಾರೆಂದು ಅವರು ವಾರಪತ್ರಿಕೆಯಲ್ಲಿ ಓದಿದರು. ಓದಿ ಸುಮ್ಮನಿರುವ ಜನ್ಮವೇ? ಕೋಟೆ ಇಲ್ಲದಿದ್ದರೇನು, ಮಹಡಿ ಉಂಟಲ್ಲ! ವರ್ಷಕ್ಕೊಮ್ಮೆ 'ಕೂಡುವಾಸ' ಶುರುವಾಯಿತು. ಅಕ್ಕ ಅದನ್ನು ಸತ್ರ ಎನ್ನುತ್ತಿದ್ದಳು. ಅಷ್ಟೂ ಜನಕ್ಕೆ ಗಂಜಿ ಬೇಯಿಸುವವಳಿಗೆ ಹೆಸರಿಡುವ ಹಕ್ಕಿಲ್ಲವೇ?

ಕೂಡುವಾಸ ನಡೆಯುತ್ತಿದ್ದದ್ದು ಜಡಿಮಳೆಯ ಆಟಿ ತಿಂಗಳಲ್ಲಿ, ನೇತ್ರಾವತಿ ಹೊಳೆ ಪೇಟೆಯೊಳಗೆ ಬಂದು ಅಂಗಡಿಗಳ ಬಾಗಿಲು ತಟ್ಟುವ ಕಾಲದಲ್ಲಿ. ಬುದ್ಧಿ ಇದ್ದವರು ಆಗ ನೆಂಟರನ್ನು ಕರೆಯುವುದಿಲ್ಲ. ಭಾವ ಬೇಕೆಂದೇ ಕರೆಯುತ್ತಿದ್ದರು.

"ಬಾಗಿಲು ತೆರೆದಿದ್ರೆ ಈ ಕಲಾವಿದರು ಎರಡನೇ ದಿನ ಬಸ್ಸು ಹತ್ತುತ್ತಾರೆ ಮಾರಾಯ. ಇವರನ್ನು ಒಟ್ಟಿಗೆ ಕೂರಿಸ್ಲಿಕ್ಕೆ ಹೊಳೆಯೇ ಆಗ್ಬೇಕು."

ಇದು ಆತಿಥ್ಯವೋ ಅಪಹರಣವೋ? ಹೊಳೆಯ ಮಾತು ಬಂದಾಗಲೆಲ್ಲ, ಹುಡುಗನಾಗಿದ್ದಾಗ ತುಂಬಿದ ನೇತ್ರಾವತಿಯನ್ನು ಈಜಿ ದಾಟಿದ ಕತೆಯನ್ನೂ ಹೇಳುವರು. ವರ್ಷ ವರ್ಷ ಹೊಳೆ ಅಗಲವಾಗುತ್ತಿತ್ತು.

ಆ ಸಲ ಬಂದವರು ಮೈಸೂರು ಕಡೆಯ ಒಬ್ಬ ಚಿತ್ರಕಾರ, ಮಳೆಗಾಲದಲ್ಲಿ ಯಕ್ಷಗಾನ ಮೇಳವಿಲ್ಲದೆ ಮನೆಯಲ್ಲಿದ್ದ ಬೆಳ್ತಂಗಡಿಯ ಒಬ್ಬ ಮದ್ದಳೆಗಾರ. ಚಿಂತಕನ ಜಾಗ ಖಾಲಿಯಿತ್ತು. ಕೆಲಸವಿಲ್ಲದ ನಾನು ಚಿಂತಕನಾದೆ. ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ನನ್ನ ವಿಷಯಕ್ಕೆ ಒಂದೇ ಒಂದು ಹುದ್ದೆ, ಗುರುವಾರ ಸಂದರ್ಶನ. ಕಾದು ಕಾದು ಬಂದ ಮೊದಲ ಕರೆ ಅದು. ನೀರು ಬಂದರೆ ಏನು ಗತಿ ಎಂದು ಕೇಳಿದ್ದಕ್ಕೆ ಭಾವ, ಈ ವಾರ ಬರ್ಲಿಕ್ಕಿಲ್ಲ ಎಂದರು, ಹೊಳೆ ತಮ್ಮ ಖಾಸಾ ದಾಯಾದಿ ಎಂಬಂತೆ!

ಕೂಡುವಾಸಕ್ಕೆ ಒಂದು ನಿಯಮವಿತ್ತು. ತನ್ನ ಕೆಲಸವನ್ನು ತಾನೇ ವಿವರಿಸಬಾರದು. ಊಟಕ್ಕೆ ಕೂತಾಗ ಇನ್ನೊಬ್ಬ ವಿವರಿಸಬೇಕು. ಮಜ್ಜಿಗೆ ಬಡಿಸುವ ತನಕ ಕೆಲಸದ ಧಣಿ ಬಾಯಿ ತೆರೆಯುವಂತಿಲ್ಲ. ಮದ್ದಳೆಯೆಂದರೆ ಶೂನ್ಯದ ಸುತ್ತ ಬಿಗಿದ ಚರ್ಮ ಎಂದು ಚಿತ್ರಕಾರ ಸಾರು ಮುಗಿಯುವವರೆಗೆ ವಿವರಿಸಿದ. ಮಜ್ಜಿಗೆ ಬಂತು. "ಶೂನ್ಯ ಅಲ್ಲ, ಒಳಗೆ ಒಂದು ಜಿರಳೆ ಉಂಟು," ಎಂದ ಮದ್ದಳೆಗಾರ. ನನ್ನ ಪ್ರಬಂಧವನ್ನು ವಿವರಿಸುವ ಸರದಿ ಅವನದೇ. ನೆನಪೆಲ್ಲ ಸುಳ್ಳು ಅಂತ ಇವರು ಬರೆದಿದ್ದಾರೆ, ಯಾರಾದರೂ ಇದನ್ನು ನನ್ನ ಹೆಂಡತಿಗೆ ಹೇಳಿದರೆ ಉಪಕಾರ, ಎಂದು ಎರಡೇ ಮಾತಿನಲ್ಲಿ ನನ್ನ ಎರಡು ವರ್ಷಗಳನ್ನು ಮುಗಿಸಿದ.

ಬುಧವಾರ ಮಧ್ಯಾಹ್ನ ನೀರು ಬಂತು. ಬೆಲ್ಲದ ಮೂಟೆಗಳನ್ನು ಮಹಡಿಗೆ ಸಾಗಿಸಿದೆವು. ಚಿತ್ರಕಲೆ, ಮದ್ದಳೆ, ತತ್ತ್ವಶಾಸ್ತ್ರ ಮೂರೂ ಕೂಡಿ ಮಾಡಿದ ಏಕೈಕ ಕೃತಿ ಅದು! ಮರುದಿನ ಎಂಟು ಗಂಟೆಗೆ ದೋಣಿಯವನು ಬಂದು ನನ್ನನ್ನು ಎತ್ತರದ ರಸ್ತೆಗೆ ದಾಟಿಸುವುದೆಂದು ಮಾತಾಯಿತು.

"ಬೀದಿಯಲ್ಲೇ ಹೊಳೆಯ ಸೆಳೆತ ಉಂಟು. ನಿನಗೆ ಈಜು ಬರುವುದಿಲ್ಲ. ಹೋಗ್ಬೇಡ," ಎಂದಳು ಅಕ್ಕ.

ಸತ್ತರೂ ಹೋಗುತ್ತೇನೆ ಎಂದೆ. ಭಾವ ಅಂದು ಮಾತ್ರ ಈಜಿನ ಕತೆ ಎತ್ತದೆ ಬೇಗ ಉಂಡು ಎದ್ದರು.

ಬೆಳಿಗ್ಗೆ ಆರಕ್ಕೇ ಎದ್ದರೆ ಇಸ್ತ್ರಿ ಮಾಡಿಟ್ಟ ಷರ್ಟು ಇಲ್ಲ, ಪ್ರಮಾಣಪತ್ರಗಳ ಚೀಲ ಇಲ್ಲ, ಭಾವನೂ ಇಲ್ಲ! ಕಿಟಕಿಗೆ ಓಡಿದೆ. ಬೀದಿಯ ತುದಿಯಲ್ಲಿ ದೋಣಿ ಅಡ್ಡಡ್ಡ ತಿರುಗುತ್ತಿತ್ತು. ಅದರ ನಡುವೆ ನನ್ನ ಬಿಳಿ ಷರ್ಟು, ಎರಡೂ ಕೈಯಲ್ಲಿ ದೋಣಿಯ ಎರಡೂ ಅಂಚು ಹಿಡಿದು, ಉತ್ಸವಮೂರ್ತಿಯಂತೆ ನೆಟ್ಟಗೆ ಕೂತಿತ್ತು. ನಾನು ಕೂಗಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಇಂಥವು ಯಾವ ರಾಕ್ಷಸನ ಬಾಯಲ್ಲೂ ಬಂದದ್ದಿಲ್ಲ ಎಂದು ಮದ್ದಳೆಗಾರ ಸರ್ಟಿಫಿಕೇಟು ಕೊಟ್ಟ.

ಸಂಜೆ ಅವರು ಮರಳಿದಾಗ ಷರ್ಟಿನ ಎರಡು ಗುಂಡಿ ಹಾರಿಹೋಗಿದ್ದವು. ನೇರ ಊಟಕ್ಕೆ ಕೂತರು. "ನಿನ್ನ ಸಂದರ್ಶನ ಚೆನ್ನಾಗಿಯೇ ಆಯಿತು," ಎಂದರು.

ನನ್ನನ್ನು ಯಾಕೆ ಎಬ್ಬಿಸಲಿಲ್ಲ ಎಂದು ಗದರಿದೆ.

"ನೀನು ಹೋದ್ರೆ ನಿನ್ನ ಬಗ್ಗೆ ನೀನೇ ಹೇಳ್ತಿ. ಅದನ್ನು ಯಾರು ನಂಬ್ತಾರೆ? ನಮ್ಮ ಹುಡುಗ ನೆನಪನ್ನು ನಂಬುವುದಿಲ್ಲ, ಹಾಗಾಗಿ ಇವತ್ತಿನ ತಾರೀಖನ್ನೂ ನಂಬ್ಲಿಲ್ಲ ಅಂತ ಹೇಳಿದೆ. ಅವರಿಗೆ ಭಾರೀ ಖುಷಿಯಾಯಿತು."

ನಾನು ಬಾಯಿ ತೆರೆದೆ. ಭಾವ ಎಡಗೈ ಎತ್ತಿದರು. "ಮಜ್ಜಿಗೆ ಬರ್ಲಿ."

ನೆರೆಗೆ ಹಾಲಿನವನೇ ಬಂದಿರಲಿಲ್ಲ. ಆ ಊಟಕ್ಕೆ ಮಜ್ಜಿಗೆ ಇರಲಿಲ್ಲ.

ಕೆಲಸ ಬೇರೆ ಯಾರಿಗೋ ಸಿಕ್ಕಿತು. ನಾನು ಘಟ್ಟದ ಮೇಲಿನ ಊರಿನಲ್ಲಿ ಮೇಷ್ಟ್ರಾದೆ. ಬಸ್ಸು ಮೂಡುಬಿದಿರೆಯಲ್ಲಿ ನಿಂತಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಅಲ್ಲಿಯ ಬಸದಿಯ ಸಾವಿರ ಕಂಬಗಳಲ್ಲಿ ಪ್ರತಿಯೊಂದರ ಮೇಲೂ ನನಗೆ ಪ್ರತ್ಯೇಕ ಸಿಟ್ಟು! ಭಾವ ಮೂಡುಬಿದಿರೆಗೆ ಹೋದದ್ದೇ ಸುಳ್ಳು, ದಾರಿಯ ಹೋಟೆಲಿನಲ್ಲಿ ಬನ್ಸ್ ತಿಂದು ಬಂದಿದ್ದಾರೆ ಎಂದೂ ಕೆಲವು ವರ್ಷ ನಂಬಿದ್ದೆ.

ಅವರ ಉತ್ತರಕ್ರಿಯೆಯ ಊಟಕ್ಕೆ ಹೋದಾಗಲೂ ಆ ಸಿಟ್ಟು ಜೊತೆಗೇ ಇತ್ತು. ಅಕ್ಕ ಮಜ್ಜಿಗೆ ಬಡಿಸಲು ಬಂದಳು. ಈಗಲಾದರೂ ಬಂತಲ್ಲ ಎಂದು ಶುರುಮಾಡಿದೆ: ತುಂಬಿದ ಹೊಳೆಯನ್ನೇ ಈಜಿದ ಮನುಷ್ಯ, ನನ್ನನ್ನೂ ಜೊತೆಗೆ ಕೂರಿಸಿಕೊಂಡು ಹೋಗಿದ್ದರೆ ಗಂಟೇನು ಹೋಗುತ್ತಿತ್ತು?

ಅಕ್ಕ ಸೌಟು ಹಿಡಿದುಕೊಂಡೇ ನಿಂತಳು. "ಆ ಕತೆಯನ್ನು ನೀನೂ ನಂಬಿದ್ದೆಯಾ?"

ಹೆಂಡತಿಯ ಸಾಕ್ಷ್ಯವೊಂದೇ ಸಾಲದು ಎಂದು ಭಾವನ ಅಣ್ಣನನ್ನು ವಿಚಾರಿಸಿದೆ. ಆ ದೋಣಿಯವನನ್ನೂ ಹುಡುಕಿ ಮಾತಾಡಿಸಿದೆ. ಸಂದರ್ಶನದ ವಿಷಯ ಇಬ್ಬರಿಗೂ ಗೊತ್ತಿಲ್ಲ. ಭಾವ ಅಲ್ಲಿಗೆ ಹೋದರೋ, ಏನು ಹೇಳಿದರೋ, ನಾನೇ ಹೋಗಿದ್ದರೆ ಕೆಲಸ ಸಿಗುತ್ತಿತ್ತೋ, ಈ ಬರಹದಲ್ಲಿ ಅದೆಲ್ಲ ಅನುಮಾನವೇ. ಒಂದು ಸಂಗತಿಯನ್ನು ಮಾತ್ರ ಮೂವರೂ ಒಂದೇ ಮಾತಿನಲ್ಲಿ ಹೇಳಿದರು.

ಭಾವನಿಗೆ ಈಜು ಬರುತ್ತಿರಲಿಲ್ಲ.